ಪೈಪ್ ತೆಗೆದ ಮೇಲಿನ ಮೊದಲ ಗುಟುಕು

"ಪೈಪ್ ತೆಗೆದ್ರಂತೆ" ಎಂಬ ಮಾತು ಐಸಿಯು ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಬೆಂಚಿನ ಮೇಲೆ ಕೂತವರ ಮುಖ ಅರಳುತ್ತದೆ. ಪೈಪ್ ಎಂದರೆ ವೆಂಟಿಲೇಟರಿನಿಂದ ಉಸಿರು ಕೊಡಲು ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬ್. ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಹೊಸದುರ್ಗದಿಂದಲೋ ದಾವಣಗೆರೆಗೆ ಬಂದು, ನಾಲ್ಕೈದು ರಾತ್ರಿ ಕಾರಿಡಾರಿನಲ್ಲೇ ಚಾಪೆ ಹಾಸಿದವರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಅರ್ಧ ಗಂಟೆಯೊಳಗೆ ಫ್ಲಾಸ್ಕಿನಲ್ಲಿ ಗಂಜಿ ಬರುತ್ತದೆ, ಎಳನೀರು ಬರುತ್ತದೆ. ಒಳಗೆ ರೋಗಿ ಒಣಗಿದ ತುಟಿಯಲ್ಲಿ ಕೇಳುವುದೂ ಅದನ್ನೇ: "ಸಿಸ್ಟರ್, ಒಂದ್ ಗುಟುಕು ನೀರು ಕೊಡ್ರಿ."

ಆ ಒಂದು ಗುಟುಕನ್ನು ಕೊಡುವ ಮೊದಲು ಅವರಿಗೆ ನುಂಗಲು ಬರುತ್ತದೆಯೇ ಎಂದು ಯಾರು ನೋಡಿದರು? ಐಸಿಯುನಲ್ಲಿ ಕೆಲಸ ಮಾಡುವ ಎಲ್ಲರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಟ್ಯೂಬ್ ತೆಗೆದ ಮೇಲೆ ಉಸಿರಾಟದಲ್ಲಿ ಏನೇನು ಗಮನಿಸಬೇಕು ಎಂಬುದು ಸಿಬ್ಬಂದಿಗೆ ಚೆನ್ನಾಗಿ ಗೊತ್ತು. ನಿಮಿಷಕ್ಕೆ ಎಷ್ಟು ಉಸಿರು, ಆಮ್ಲಜನಕ ಎಷ್ಟು, ಗಂಟಲಿನಲ್ಲಿ ಕೀರಲು ಸದ್ದು ಇದೆಯೇ, ಕಫವನ್ನು ತಾವಾಗಿ ಕೆಮ್ಮಿ ತೆಗೆಯುತ್ತಾರೆಯೇ, ಎಬಿಜಿ (ರಕ್ತದಲ್ಲಿನ ಅನಿಲಗಳ ಪರೀಕ್ಷೆ) ಹೇಗಿದೆ. ಚಾರ್ಟಿನಲ್ಲಿ ಇದಕ್ಕೆಲ್ಲ ಜಾಗವಿದೆ. ನುಂಗುವುದಕ್ಕೆ ಮಾತ್ರ ಬಹಳಷ್ಟು ಚಾರ್ಟುಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಸಾಲು ಇಲ್ಲದ್ದನ್ನು ಡ್ಯೂಟಿ ಬದಲಾಗುವಾಗ ಯಾರೂ ಕೇಳುವುದಿಲ್ಲ. ಪಾರ್ಶ್ವವಾಯು ಆದವರಿಗೆ ನುಂಗುವ ತೊಂದರೆ ಇರುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಗಂಟಲೊಳಗೆ ಐದು ದಿನ ಪ್ಲಾಸ್ಟಿಕ್ ಕೊಳವೆ ಇಟ್ಟುಕೊಂಡವರಿಗೂ ಅದೇ ತೊಂದರೆ ಬರಬಹುದು ಎಂಬುದು ಪಾಠಕ್ಕೆ ಬರುವುದು ಕಡಿಮೆ. ಇದನ್ನು ಸಿಬ್ಬಂದಿಯ ಉದಾಸೀನ ಎನ್ನಲು ನಾವು ಒಪ್ಪುವುದಿಲ್ಲ. ಕಲಿಸಿಲ್ಲ, ಬರೆಯಲು ಜಾಗ ಕೊಟ್ಟಿಲ್ಲ, ಅಷ್ಟೆ.

ತೊಂದರೆ ಎಷ್ಟು ಜನರಿಗೆ ಬರುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. 2010ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇ. 3ರಿಂದ ಶೇ. 62ರವರೆಗೆ ಅಂಕಿಗಳು ಸಿಕ್ಕವು. ಆಮೇಲಿನ ಇನ್ನೊಂದು ಒಟ್ಟು ಲೆಕ್ಕದಲ್ಲಿ ಸುಮಾರು ಶೇ. 41. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಐಸಿಯು ಒಂದರಿಂದ 2017ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಶೇ. 12.4. ಮೂಗಿನಿಂದ ಸ್ಕೋಪ್ ಇಳಿಸಿ ನೋಡಿದರೆ ಹೆಚ್ಚು ಸಿಗುತ್ತದೆ, ಹಾಸಿಗೆ ಪಕ್ಕದಲ್ಲಿ ನೀರು ಕುಡಿಸಿ ನೋಡಿದರೆ ಕಡಿಮೆ ಸಿಗುತ್ತದೆ. ಆಪರೇಷನ್ನಿಗಾಗಿ ಕೆಲವೇ ಗಂಟೆ ಟ್ಯೂಬ್ ಇದ್ದವರನ್ನೂ ಸೇರಿಸಿಕೊಂಡರೆ ಇನ್ನೂ ಕಡಿಮೆ. ಬರ್ನ್‌ನ ಲೆಕ್ಕದಲ್ಲಿ ನಮ್ಮನ್ನು ತಟ್ಟಿದ್ದು ಬೇರೊಂದು ಅಂಕಿ: ಐಸಿಯು ಬಿಡುವಾಗಲೂ ತೊಂದರೆ ಉಳಿದಿದ್ದವರಲ್ಲಿ ಸುಮಾರು ಶೇ. 60 ಜನರಿಗೆ ಆಸ್ಪತ್ರೆಯಿಂದ ಮನೆಗೆ ಹೋಗುವ ಹೊತ್ತಿಗೂ ಅದು ಹೋಗಿರಲಿಲ್ಲ. ಅಂದರೆ ಐಸಿಯುನಲ್ಲಿ ಕಣ್ಣಿಗೆ ಬೀಳದೆ ಹೋದದ್ದು ವಾರ್ಡಿಗೆ ಹೋಗುತ್ತದೆ, ವಾರ್ಡಿನಿಂದ ಊರಿಗೆ ಹೋಗುತ್ತದೆ.

ಗಂಟಲಿನಲ್ಲಿ ಆಗುವುದೇನು

ನುಂಗುವಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜರುಗುತ್ತದೆ, ಗಂಟಲ ಮುಚ್ಚಳ ಬಾಗುತ್ತದೆ, ಎರಡು ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಅದೇ ಹೊತ್ತಿಗೆ ಅನ್ನನಾಳದ ಬಾಯಿ ತೆರೆಯುತ್ತದೆ. ಗಂಟಲಿನ ಈ ಹಂತ ಮುಗಿಯಲು ಸುಮಾರು ಒಂದು ಸೆಕೆಂಡು ಸಾಕು. ಆರೋಗ್ಯವಂತರಲ್ಲಿ ಇದು ಹೆಚ್ಚಾಗಿ ಉಸಿರು ಬಿಡುವ ಹೊತ್ತಿನಲ್ಲಿ ನಡೆಯುತ್ತದೆ, ನುಂಗಿದ ಮೇಲೂ ಉಸಿರು ಹೊರಗೇ ಹೋಗುತ್ತದೆ. ಹಾಗಾಗಿ ಎಲ್ಲೋ ಒಂದು ಹನಿ ಉಳಿದಿದ್ದರೂ ಗಾಳಿ ಅದನ್ನು ಆಚೆ ತಳ್ಳುತ್ತದೆ.

ಟ್ಯೂಬ್ ಕೂತಿರುವುದು ಸರಿಯಾಗಿ ಆ ಎರಡು ಧ್ವನಿತಂತುಗಳ ನಡುವೆ. ಹಗಲೂ ರಾತ್ರಿ ಅವುಗಳ ಹಿಂಭಾಗಕ್ಕೆ ಒತ್ತಿಕೊಂಡಿರುತ್ತದೆ. ಊತ ಬರುತ್ತದೆ, ಹುಣ್ಣಾಗುತ್ತದೆ, ಕೆಲವರಿಗೆ ಗಂಟುಮಾಂಸ ಬೆಳೆಯುತ್ತದೆ. ಟ್ಯೂಬಿನ ತುದಿಯ ಬಲೂನನ್ನು ಸರಿಯಾದ ಆಳದಲ್ಲಿ ಇಳಿಸದೆ ಧ್ವನಿತಂತುಗಳ ಕೆಳಗೇ ಉಬ್ಬಿಸಿದರೆ, ಅಲ್ಲಿ ಹಾದುಹೋಗುವ ಧ್ವನಿಪೆಟ್ಟಿಗೆಯ ನರ ಎಲುಬಿನಂಥ ಮೃದ್ವಸ್ಥಿಗೂ ಬಲೂನಿಗೂ ನಡುವೆ ಸಿಕ್ಕಿ ನಜ್ಜಾಗುತ್ತದೆ. ಒಂದು ಕಡೆಯ ಧ್ವನಿತಂತು ಅಲುಗುವುದೇ ನಿಂತರೆ, ನುಂಗುವಾಗ ಬಾಗಿಲು ಅರ್ಧ ತೆರೆದೇ ಇರುತ್ತದೆ. ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದೊಳಗೆ ಇರಬೇಕು. ಅದನ್ನು ದಾಟಿದರೆ ಒಳಪದರಕ್ಕೆ ರಕ್ತ ಹರಿಯುವುದು ಕುಗ್ಗುತ್ತದೆ. ಹೊರಗಿನ ಪುಟ್ಟ ಬಲೂನನ್ನು ಬೆರಳಲ್ಲಿ ಹಿಚುಕಿ "ಸರಿ ಇದೆ" ಎನ್ನುವ ಅಭ್ಯಾಸ ನಂಬಿಕೆಗೆ ಯೋಗ್ಯವಲ್ಲ. ಒತ್ತಡ ಅಳೆಯುವ ಮಾನೋಮೀಟರ್ ಇಟ್ಟು ಪ್ರತಿ ಶಿಫ್ಟಿನಲ್ಲೂ ಅಳೆಯಬೇಕು. ಟ್ಯೂಬಿನ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕ ಮೈಕಟ್ಟಿನ ಹೆಂಗಸಿಗೆ 8ರ (ಒಳವ್ಯಾಸ 8 ಮಿಲಿಮೀಟರ್) ದಪ್ಪ ಟ್ಯೂಬ್ ಹಾಕಿದ್ದರೆ ಅದನ್ನು ಕೇಸ್ ಶೀಟಿನಲ್ಲಿ ಕಾಣುವಂತೆ ಬರೆದಿಡುವುದು ಮುಂದಿನವರಿಗೆ ಮಾಡುವ ಉಪಕಾರ.

ಪೆಟ್ಟು ಕಣ್ಣಿಗೆ ಕಾಣುವ ಸಂಗತಿ. ಕಾಣದ್ದು ಅದಕ್ಕಿಂತ ಅಪಾಯ, ಅದು ಸ್ಪರ್ಶಜ್ಞಾನ ಹೋಗುವುದು. ದಿನಗಟ್ಟಲೆ ಟ್ಯೂಬ್ ಉಜ್ಜಿದ ಧ್ವನಿಪೆಟ್ಟಿಗೆಯ ಒಳಗೋಡೆ ಮರಗಟ್ಟಿದಂತಾಗುತ್ತದೆ. ನೀರು ದಾರಿ ತಪ್ಪಿ ಬಂದರೂ ಅದಕ್ಕೆ ತಿಳಿಯುವುದಿಲ್ಲ, ತಿಳಿಯದ ಕಾರಣ ಕೆಮ್ಮು ಹುಟ್ಟುವುದಿಲ್ಲ. ಇದರ ಜೊತೆ ಐಸಿಯುನಲ್ಲಿ ಮಲಗಿದ ಎಲ್ಲ ಸ್ನಾಯುಗಳಂತೆ ನಾಲಿಗೆ, ಗಂಟಲುಗಳ ಸ್ನಾಯುವೂ ಸೊರಗಿರುತ್ತದೆ. ಮಿಡಜೊಲಾಮ್, ಫೆಂಟನಿಲ್ ಮಂಪರು ಪೂರ್ತಿ ಇಳಿದಿರುವುದಿಲ್ಲ. ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತಿರುತ್ತದೆ. ಉಸಿರು ನಿಮಿಷಕ್ಕೆ 30 ದಾಟಿದ್ದರೆ ನುಂಗಲು ಬೇಕಾದ ಆ ಒಂದು ಕ್ಷಣದ ಬಿಡುವೇ ಸಿಗುವುದಿಲ್ಲ: ನುಂಗುವ ಮಧ್ಯೆಯೇ ಎದೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಗಾಳಿಯೊಂದಿಗೆ ಗಂಜಿಯೂ ಹೋಗುತ್ತದೆ. 48 ಗಂಟೆಗಿಂತ ಹೆಚ್ಚು ಟ್ಯೂಬ್ ಇದ್ದವರೆಲ್ಲರ ಬಗ್ಗೆ ಅನುಮಾನದಿಂದಲೇ ಶುರು ಮಾಡಬೇಕು ಎಂದು ಹೇಳುವುದು ಇಷ್ಟೆಲ್ಲ ಒಟ್ಟಿಗೆ ಕೂಡಿಬರುತ್ತದೆ ಎಂಬ ಕಾರಣಕ್ಕೆ.

ಕೆಮ್ಮದಿದ್ದರೆ ಸರಿ ಎಂಬ ನಂಬಿಕೆ

ಊಟಕ್ಕೆ ಕೂತಾಗ ಯಾರಿಗಾದರೂ ನೆತ್ತಿಗೇರಿದರೆ ಮನೆಯ ಹಿರಿಯರು ತಲೆ ತಟ್ಟಿ "ಯಾರೋ ನೆನೆಸ್ಕೊಂಡ್ರು" ಎನ್ನುತ್ತಾರೆ. ನೆತ್ತಿಗೇರಿತು ಎಂದು ನಮಗೆ ಗೊತ್ತಾಗುವುದೇ ಕೆಮ್ಮಿನಿಂದ. ಈ ತಿಳಿವಳಿಕೆ ನಮ್ಮೆಲ್ಲರೊಳಗೆ ಎಷ್ಟು ಆಳವಾಗಿ ಕೂತಿದೆ ಎಂದರೆ, ಐಸಿಯುನಲ್ಲಿ ಹತ್ತು ವರ್ಷ ಕೆಲಸ ಮಾಡಿದವರೂ ಒಂದು ಚಮಚ ನೀರು ಕೊಟ್ಟು, ಕೆಮ್ಮಲಿಲ್ಲ ಎಂದರೆ ಎರಡನೆಯದನ್ನು ಕೊಡುತ್ತಾರೆ. ಮೇಲೆ ಹೇಳಿದ ಮರಗಟ್ಟಿದ ಗಂಟಲಿಗೆ ಈ ಪರೀಕ್ಷೆ ನಡೆಯುವುದಿಲ್ಲ. ನೀರು ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಮಾನಿಟರಿನಲ್ಲಿ ಏನೂ ಬದಲಾಗುವುದಿಲ್ಲ. ಮರುದಿನವೋ ಮೂರನೆಯ ದಿನವೋ ಜ್ವರ, ಬಲಗಡೆ ಕೆಳಭಾಗದಲ್ಲಿ ಎಕ್ಸ್‌ರೇಯಲ್ಲಿ ಬಿಳುಪು, ಹೆಚ್ಚಿದ ಕಫ. ಆಗ ಆ ಚಮಚದ ನೆನಪು ಯಾರಿಗೂ ಬರುವುದಿಲ್ಲ. "ಇನ್ಫೆಕ್ಷನ್ ಮತ್ತೆ ಬಂತು" ಎಂದು ಆಂಟಿಬಯೋಟಿಕ್ ಬದಲಾಗುತ್ತದೆ, ಕೆಲವರಿಗೆ ಟ್ಯೂಬೇ ಮತ್ತೆ ಬೀಳುತ್ತದೆ.

ಇದೇ ಬಗೆಯ ಇನ್ನೂ ಕೆಲವು ನಂಬಿಕೆಗಳಿವೆ. ಗಂಟಲಿನ ಹಿಂದೆ ಕಡ್ಡಿ ಮುಟ್ಟಿಸಿದಾಗ ಓಕರಿಕೆ ಬಂದರೆ ನುಂಗಬಲ್ಲರು ಎಂಬುದೊಂದು. ಓಕರಿಕೆಗೂ ನುಂಗುವುದಕ್ಕೂ ಅಂಥ ಗಟ್ಟಿ ನಂಟಿಲ್ಲ. ಓಕರಿಕೆಯೇ ಬಾರದ ಆರೋಗ್ಯವಂತರು ಬೇಕಾದಷ್ಟು ಜನ ಇದ್ದಾರೆ, ಅವರೆಲ್ಲ ದಿನಾ ಊಟ ಮಾಡುತ್ತಾರೆ. ಬೆರಳಿನ ಪ್ರೋಬಿನಲ್ಲಿ ಆಮ್ಲಜನಕ ಇಳಿಯಲಿಲ್ಲ, ಹಾಗಾಗಿ ಒಳಗೆ ಹೋಗಿಲ್ಲ ಎಂಬುದು ಇನ್ನೊಂದು. ಒಂದೆರಡು ಮಿಲಿಲೀಟರ್ ಇಳಿದರೆ ಪ್ರೋಬಿಗೆ ಅದು ಕಾಣಿಸಬೇಕೆಂದಿಲ್ಲ. ಟ್ರೇಕಿಯಾಸ್ಟಮಿ (ಕತ್ತಿನಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಹಾಕಿದ ಟ್ಯೂಬ್) ಇರುವವರಲ್ಲಿ ಬಲೂನು ಉಬ್ಬಿಸಿದ್ದರೆ ಏನೂ ಇಳಿಯುವುದಿಲ್ಲ ಎಂದು ತುಂಬ ಜನ ನಂಬಿದ್ದಾರೆ. ಬಲೂನು ಇರುವುದೇ ಧ್ವನಿತಂತುಗಳ ಕೆಳಗೆ. ಅಲ್ಲಿಯವರೆಗೆ ಬಂದದ್ದು ಆಗಲೇ ದಾರಿ ತಪ್ಪಿದೆ. ಬಲೂನಿನ ಮೇಲೆ ನಿಂತು, ಅಂಚಿನ ಸುಕ್ಕುಗಳ ಸಂದಿಯಿಂದ ನಿಧಾನಕ್ಕೆ ಕೆಳಗೆ ಜಾರುತ್ತದೆ. ಮೂಗಿನಿಂದ ಹೊಟ್ಟೆಗೆ ಆಹಾರ ಹೋಗುವ ರೈಲ್ಸ್ ಟ್ಯೂಬ್ ಇದೆಯಲ್ಲ, ಇನ್ನೇನು ಭಯ ಎನ್ನುವವರೂ ಇದ್ದಾರೆ. ದಿನಕ್ಕೆ ಒಂದು ಲೀಟರಿನ ಆಸುಪಾಸು ಉಗುಳು ಬಾಯಿಯಲ್ಲಿ ಊರುತ್ತದೆ, ಅದು ರೈಲ್ಸ್ ಟ್ಯೂಬಿನ ಮೂಲಕ ಹೋಗುವುದಿಲ್ಲ.

ಬಾಯಿಯನ್ನು ಶುಚಿಯಾಗಿಡುವುದಕ್ಕೆ ಅಷ್ಟು ಬೆಲೆ ಬರುವುದು ಇಲ್ಲಿಂದಲೇ. ಇಳಿಯುವ ಉಗುಳಿನಲ್ಲಿ ರೋಗಾಣು ಕಡಿಮೆ ಇದ್ದರೆ ನ್ಯುಮೋನಿಯಾ ಆಗುವ ಸಾಧ್ಯತೆಯೂ ಕಡಿಮೆ. ಮೃದುವಾದ ಬ್ರಷ್ಷಿನಿಂದ ದಿನಕ್ಕೆ ಕನಿಷ್ಠ ಎರಡು ಸಲ ಹಲ್ಲು, ವಸಡು, ನಾಲಿಗೆಯ ಮೇಲ್ಭಾಗ ತಿಕ್ಕಬೇಕು, ನೀರನ್ನು ಹೀರುತ್ತಲೇ ತಿಕ್ಕಬೇಕು. ವೆಂಟಿಲೇಟರ್ ರೋಗಿಗಳ ಬಾಯಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ಹಚ್ಚುವುದನ್ನು ಅಮೆರಿಕದ ಸೋಂಕು ತಡೆ ಮಾರ್ಗಸೂಚಿ 2022ರಲ್ಲಿ ಬೇಡ ಎಂದಿತು, ಬ್ರಷ್ಷನ್ನು ಬೇಕೇ ಬೇಕು ಎಂದಿತು.

ಹಾಸಿಗೆ ಪಕ್ಕದ ಪರೀಕ್ಷೆ

ಸ್ಪೀಚ್ ಥೆರಪಿಸ್ಟ್ ಎಲ್ಲ ಐಸಿಯುಗಳಲ್ಲೂ ಇರುವುದಿಲ್ಲ, ಚಿತ್ರದುರ್ಗ, ದಾವಣಗೆರೆಯ ಸಣ್ಣ ಆಸ್ಪತ್ರೆಗಳಲ್ಲಂತೂ ಅವರಿಗಾಗಿ ಕಾಯುತ್ತ ಕೂರಲು ಆಗುವುದಿಲ್ಲ. ಮೊದಲ ಜರಡಿ ಹಿಡಿಯಬೇಕಾದವರು ಹಾಸಿಗೆ ಪಕ್ಕದಲ್ಲಿರುವ ನರ್ಸ್. ಅದಕ್ಕೆ ಬೇಕಾದದ್ದು ಹತ್ತು ನಿಮಿಷ, ಒಂದು ಟೀ ಚಮಚ, 90 ಮಿಲಿಲೀಟರ್ ಕುಡಿಯುವ ನೀರು, ಬಾಯಿಯ ದ್ರವ ಹೀರಿ ತೆಗೆಯುವ, ಕೆಲಸ ಮಾಡುತ್ತಿರುವ ಸಕ್ಷನ್ ಯಂತ್ರ.

ಯಾವಾಗ ಮಾಡಬೇಕು? ಹಿಂದೆ 24 ಗಂಟೆ ಕಾಯಿರಿ ಎನ್ನುತ್ತಿದ್ದರು. ಆಮೇಲಿನ ಅಧ್ಯಯನವೊಂದರಲ್ಲಿ ಟ್ಯೂಬ್ ತೆಗೆದು ಒಂದೇ ಗಂಟೆಗೆ ನೀರಿನ ಪರೀಕ್ಷೆ ಮಾಡಿದಾಗ ಶೇ. 82 ಜನ ಪಾಸಾದರು. 4 ಗಂಟೆಗೆ, 24 ಗಂಟೆಗೆ ಮತ್ತೆ ನೋಡಿದಾಗ ಇನ್ನಷ್ಟು ಜನ ಸೇರಿದರು. ಎಲ್ಲರನ್ನೂ ಒಂದು ದಿನ ಬಾಯಾರಿಸಿ ಕೂರಿಸುವ ಅಗತ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟ. ಆದರೂ ಐದಾರು ದಿನ ಟ್ಯೂಬ್ ಇದ್ದವರಲ್ಲಿ ಅವಸರ ಮಾಡದೆ ನಾಲ್ಕು ಗಂಟೆಯಾದರೂ ಬಿಟ್ಟು ನೋಡುವುದು ನಮಗೆ ಸರಿ ಕಾಣುತ್ತದೆ. ಉಸಿರಾಟ ಕೆಟ್ಟು ಟ್ಯೂಬ್ ಮತ್ತೆ ಹಾಕುವ ಭಯ ಹೆಚ್ಚಿರುವುದು ಆ ಮೊದಲ ಗಂಟೆಗಳಲ್ಲೇ, ಆಗ ಹೊಟ್ಟೆ ಖಾಲಿ ಇದ್ದಷ್ಟೂ ಒಳ್ಳೆಯದು.

ನೀರು ಮುಟ್ಟುವ ಮೊದಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ. ರೋಗಿ ಕರೆದರೆ ಕಣ್ಣು ಬಿಟ್ಟು ಹದಿನೈದು ನಿಮಿಷ ಎಚ್ಚರ ಇರಬೇಕು. "ಯಜಮಾನ್ರೇ, ನಿಮ್ಮ ಹೆಸರೇನ್ರೀ? ಈಗ ಎಲ್ಲಿದೀರಿ? ಇದು ಯಾವ ವರ್ಷ?" ಎಂದು ಕೇಳಿ. ಬಾಯಿ ತೆರೆಯಲು, ನಾಲಿಗೆ ಹೊರಗೆ ಚಾಚಿ ಎರಡೂ ಕಡೆ ತಿರುಗಿಸಲು, ನಗಲು ಹೇಳಿ. ವರ್ಷ ತಪ್ಪಿ ಹೇಳಿದರೆ ಪರೀಕ್ಷೆ ನಿಲ್ಲಬೇಕಿಲ್ಲ, ಆದರೆ ಹೇಳಿದ ಮಾತು ಹಿಡಿಯದವರು ನೀರಿನಲ್ಲೂ ತಪ್ಪುವ ಸಂಭವ ಹೆಚ್ಚು. ಉಸಿರು 30ರೊಳಗೆ, ಉಸಿರಿಗೆ ನೆರವಾಗುವ ಬೈಪ್ಯಾಪ್ ಯಂತ್ರದ ಮುಖವಾಡ ತೆಗೆದು ನೆಮ್ಮದಿಯಾಗಿ ಇರುವಂತಿರಬೇಕು. ಕೀರಲು ಸದ್ದು ಇದ್ದರೆ ಪರೀಕ್ಷೆ ಬೇಡ, ಡಾಕ್ಟರನ್ನು ಕರೆಯಿರಿ. ಬೆನ್ನು ನೇರ ಮಾಡಿ, ಆದಷ್ಟು 90 ಡಿಗ್ರಿಗೆ ಕೂರಿಸಿ. ಸೊಂಟದ ಬಳಿ ಜಾರಿಕೊಂಡು ಕುತ್ತಿಗೆ ಮಾತ್ರ ಮುಂದೆ ಬಾಗಿದ್ದರೆ ಅದು ಕೂತಂತೆ ಅಲ್ಲ. ಹಾಸಿಗೆಯ ತಲೆಭಾಗ ಎತ್ತುವ ಮೊದಲು ರೋಗಿಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಬಾಯಿಯಲ್ಲಿ ಒಣಗಿದ ಕಫ ಅಂಟಿದ್ದರೆ ಒರೆಸಿ ತೆಗೆಯಿರಿ.

ಈಗ ಜೋರಾಗಿ ಕೆಮ್ಮಲು ಹೇಳಿ, ಉದ್ದಕ್ಕೆ "ಆ..." ಎನ್ನಿಸಿ. ಈ ದನಿಯನ್ನು ಕಿವಿಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಹೋಲಿಸಲು ಬೇಕು. ಮೊದಲೇ ಗೊರಗೊರ ದನಿ ಇದ್ದು, ಕೆಮ್ಮಿದರೂ ಹೋಗದಿದ್ದರೆ ತಮ್ಮ ಉಗುಳನ್ನೇ ನುಂಗಲು ಆಗುತ್ತಿಲ್ಲ ಎಂದರ್ಥ, ನೀರು ಕೊಡಬೇಡಿ. ಇಲ್ಲದಿದ್ದರೆ ಕತ್ತಿನ ಮುಂದೆ ಉಬ್ಬಿರುವ ಧ್ವನಿಪೆಟ್ಟಿಗೆಯ ಮೇಲೆ ಎರಡು ಬೆರಳು ಹಗುರವಾಗಿ ಇಟ್ಟು ಒಣ ನುಂಗು ನುಂಗಿಸಿ. ಬೆರಳನ್ನು ದಾಟಿ ಅದು ಮೇಲಕ್ಕೆ ಹೋಗಿ ಬರಬೇಕು.

ಮೊದಲು ಚಮಚದಲ್ಲಿ 5 ಮಿಲಿ, ಮೂರು ಸಲ, ನಡುನಡುವೆ ದನಿ ಕೇಳುತ್ತ. ಸರಿ ಇದ್ದರೆ 90 ಮಿಲಿ ನೀರನ್ನು ಲೋಟದಲ್ಲಿ ಕೊಟ್ಟು, ನಿಲ್ಲಿಸದೆ ಒಂದೇ ಸಮನೆ ಕುಡಿಯಲು ಹೇಳಿ. ಇಷ್ಟು ನೀರೇಕೆ ಎಂದು ಹೆಚ್ಚಿನವರು ಹೆದರುವುದು ಇಲ್ಲಿಯೇ. ಒಂದು ಗುಟುಕು ಸದ್ದಿಲ್ಲದೆ ಇಳಿಯಬಹುದು, ಒಂದೇ ಸಮನೆ ಹರಿಯುವ 90 ಮಿಲಿ ಮರಗಟ್ಟಿದ ಗಂಟಲನ್ನೂ ಕೆಮ್ಮಿಸುವ ಸಾಧ್ಯತೆ ಹೆಚ್ಚು. ಪ್ರಮಾಣ ಕಡಿಮೆ ಮಾಡಿದಷ್ಟೂ ಪರೀಕ್ಷೆ ಕುರುಡಾಗುತ್ತದೆ. ನಡುವೆ ನಿಲ್ಲಿಸಿದರೆ, ಕುಡಿಯುವಾಗ ಅಥವಾ ಕುಡಿದ ಒಂದು ನಿಮಿಷದೊಳಗೆ ಕೆಮ್ಮಿದರೆ, ದನಿ ಒದ್ದೆಯಾದರೆ, ಫೇಲ್. ತುಸು ಕೆಮ್ಮಿದರು, ಪರವಾಗಿಲ್ಲ ಎಂಬ ಅರ್ಧ ಅಂಕ ಇಲ್ಲಿ ಇಲ್ಲ. 3,000 ರೋಗಿಗಳನ್ನು ಸ್ಕೋಪಿನ ಜೊತೆ ಹೋಲಿಸಿದ 2008ರ ಅಧ್ಯಯನದಲ್ಲಿ ಈ ಪರೀಕ್ಷೆ ಆಸ್ಪಿರೇಶನ್ (ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವುದು) ಇದ್ದವರಲ್ಲಿ ಶೇ. 96.5 ಜನರನ್ನು ಹಿಡಿದುಕೊಟ್ಟಿತು. ಆದರೆ ಆಸ್ಪಿರೇಶನ್ ಇಲ್ಲದವರಲ್ಲೂ ಅರ್ಧದಷ್ಟು ಜನರನ್ನು ಸುಮ್ಮನೆ ಫೇಲ್ ಮಾಡಿತು. ಹಾಗಾಗಿ ಫೇಲ್ ಎಂದರೆ ರೋಗ ಎಂದಲ್ಲ, ಇನ್ನೂ ನೋಡಬೇಕು ಎಂದು. ಪಾಸ್ ಎಂದರೂ ಪೂರ್ತಿ ಮರೆಯುವಂತಿಲ್ಲ. ಟ್ಯೂಬ್ ತೆಗೆದ ಹೊಸತರಲ್ಲಿ ಈ ಜರಡಿಯಿಂದಲೂ ಕೆಲವರು ಜಾರಿಹೋಗುತ್ತಾರೆ, ಮೊದಲ ಎರಡು ಊಟದ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ನಿಂತಿರಬೇಕು.

ಫೇಲಾದವರಿಗೆ ಬಾಯಿಂದ ಏನೂ ಬೇಡ. 24 ಗಂಟೆ ಬಿಟ್ಟು ಮತ್ತೆ ನೋಡಿ. ಎರಡನೆಯ ಸಲವೂ ಆಗದಿದ್ದರೆ ಇಎನ್‌ಟಿಯವರ ತೆಳು ಸ್ಕೋಪಿನಿಂದ ನುಂಗುವುದನ್ನು ನೇರ ನೋಡಬೇಕು. ಧ್ವನಿತಂತು ಅಲುಗುತ್ತಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ಹಿಂದೆ ಕೆಲವೆಡೆ ರೈಲ್ಸ್ ಟ್ಯೂಬಿನಲ್ಲಿ ಕೊಡುವ ಫೀಡಿಗೆ ನೀಲಿ ಬಣ್ಣ ಹಾಕಿ, ಸಕ್ಷನ್ನಿನಲ್ಲಿ ನೀಲಿ ಬರುತ್ತದೆಯೇ ಎಂದು ನೋಡುತ್ತಿದ್ದರು. ಆ ಬಣ್ಣದಿಂದ ಸಾವುಗಳಾದ ವರದಿ ಬಂದ ಮೇಲೆ 2003ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಅದನ್ನು ಮಾಡಬೇಡಿ.

ನಮ್ಮ ಕಡೆಯ ರೋಗಿಗಳು

ಪುಸ್ತಕದ ಉದಾಹರಣೆಗಳಲ್ಲಿ ಹೆಚ್ಚಾಗಿ ಹೃದಯದ ಆಪರೇಷನ್ ಆದವರು ಬರುತ್ತಾರೆ. ಮೆಕ್ಕೆಜೋಳ, ಹತ್ತಿ, ಶೇಂಗಾ ಬೆಳೆಯುವ ಈ ಸೀಮೆಯ ಐಸಿಯುಗಳಿಗೆ ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರು ಬರುತ್ತಾರೆ, ಹಾವು ಕಚ್ಚಿದವರು ಬರುತ್ತಾರೆ, ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದವರು ಬರುತ್ತಾರೆ. ಇವರಲ್ಲಿ ಟ್ಯೂಬಿನ ತೊಂದರೆಯ ಮೇಲೆ ರೋಗದ ತೊಂದರೆಯೂ ಕೂಡಿಕೊಂಡಿರುತ್ತದೆ.

ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕದ ವಿಷದಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ, ತೋಳು ತೊಡೆಗಳ ಮೇಲ್ಭಾಗ, ಉಸಿರಿನ ಸ್ನಾಯು ಮತ್ತು ಮುಖ ಗಂಟಲಿನ ನರಗಳು ಸೋಲುವ ಹಂತವೊಂದು ಬರುತ್ತದೆ. ಅದರಿಂದ ಚೇತರಿಸಿಕೊಂಡು ಟ್ಯೂಬ್ ತೆಗೆದವರಿಗೆ ದಿಂಬಿನಿಂದ ತಲೆ ಎತ್ತಿ ಐದು ಸೆಕೆಂಡು ಹಿಡಿಯಲು ಹೇಳಿ. ಆಗದಿದ್ದರೆ ಗಂಟಲೂ ಸಿದ್ಧವಾಗಿಲ್ಲ ಎಂದೇ ತಿಳಿಯಬೇಕು. ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಇನ್ನೂ ಹನಿಯುತ್ತಿದ್ದರೆ ಬಾಯಿ ಮರಳಿನಂತೆ ಒಣಗಿರುತ್ತದೆ: ಉಗುಳು ಇಲ್ಲದೆ ತುತ್ತು ಉಂಡೆಯಾಗುವುದಿಲ್ಲ, ಅಂಗುಳಕ್ಕೆ ಅಂಟುತ್ತದೆ. ಅಟ್ರೋಪಿನ್ ಇಳಿಸಿದಾಗ ಉಗುಳು ಒಮ್ಮೆಲೇ ಹೆಚ್ಚಿ, ನಿನ್ನೆ ಪಾಸಾದವರು ಇವತ್ತು ಉಗುಳಿನಲ್ಲೇ ತಡವರಿಸಬಹುದು. ಡೋಸ್ ಬದಲಾದಾಗಲೆಲ್ಲ ಮತ್ತೆ ನೋಡಬೇಕು. ಪ್ಯಾರಕ್ವಾಟಿನಂಥ ಕಳೆನಾಶಕ ಕುಡಿದವರ ನಾಲಿಗೆ, ಗಂಟಲು ಸುಟ್ಟಿರುತ್ತದೆ, ಅವರಲ್ಲಿ ನೀರಿನ ಪರೀಕ್ಷೆಗಿಂತ ಮೊದಲು ಒಳಗೆ ಏನಾಗಿದೆ ಎಂದು ಡಾಕ್ಟರ್ ನೋಡಬೇಕು.

ನಾಗರಹಾವು, ಕಟ್ಟುಹಾವಿನ (ಕ್ರೈಟ್) ವಿಷದಲ್ಲಿ ಕಣ್ಣುರೆಪ್ಪೆ ಒಳ್ಳೆಯ ಸಾಕ್ಷಿ. ರೆಪ್ಪೆ ಇನ್ನೂ ಇಳಿಬಿದ್ದಿದ್ದರೆ, ಮಾತು ಮೂಗಿನಲ್ಲಿ ಬರುತ್ತಿದ್ದರೆ ಕಾಯಿರಿ. ತಲೆಗೆ ಪೆಟ್ಟಾದವರ ಕಥೆ ಬೇರೆ. ಅವರ ಗಂಟಲು ಸರಿ ಇರಬಹುದು, ಅವಸರ ಸರಿ ಇರುವುದಿಲ್ಲ. ಲೋಟ ಕೈಗೆ ಸಿಕ್ಕರೆ ಒಂದೇ ಉಸಿರಿಗೆ ಮುಗಿಸುತ್ತಾರೆ. ಅವರಿಗೆ ಪರೀಕ್ಷೆಯ ಫಲಿತಾಂಶದಷ್ಟೇ ಪಕ್ಕದಲ್ಲಿರುವ ಮನುಷ್ಯನೂ ಮುಖ್ಯ.

ಏನು ತಿನ್ನಿಸಬೇಕು, ಏನು ಬೇಡ

ಟ್ಯೂಬ್ ತೆಗೆಯುವ ಹೊತ್ತಿಗೇ ರೈಲ್ಸ್ ಟ್ಯೂಬನ್ನೂ ಎಳೆದು ಬಿಸಾಡುವುದು ಎಷ್ಟೋ ಕಡೆ ರೂಢಿ. ದಯವಿಟ್ಟು ಇರಲಿ ಬಿಡಿ. ನುಂಗುವುದನ್ನು ನೋಡಿ, ಬೇಕಾದಷ್ಟು ಬಾಯಿಂದಲೇ ಹೋಗುತ್ತಿದೆ ಎಂದು ಖಚಿತವಾದ ಮೇಲೆ ತೆಗೆಯಬಹುದು. ಊದಿದ ಗಂಟಲಿಗೆ ಅದನ್ನು ಮತ್ತೆ ಹಾಕುವ ಸಂಕಟ ರೋಗಿಯದು. ಮತ್ತೆ ಹಾಕಿದರೆ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು ಸಾಲದು, ಶ್ವಾಸಕೋಶದಲ್ಲಿದ್ದರೂ ಆ ಗುಳುಗುಳು ಕೇಳಿಸಬಹುದು, ಎಕ್ಸ್‌ರೇ ಬೇಕು. ಫೀಡ್ ಕೊಡುವಾಗಲೂ ಆಮೇಲೂ ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಲಿ.

ತೆಳು ನೀರಿಗೆ ಕೆಮ್ಮಿ, ಗಟ್ಟಿಯಾದುದನ್ನು ನಿಭಾಯಿಸುವವರಿಗೆ ದ್ರವವನ್ನು ದಪ್ಪ ಮಾಡಿ ಕೊಡುತ್ತಾರೆ. ದಪ್ಪ ಎಂದರೆ ಎಷ್ಟು? "ಗಂಜಿ ಹದ" ಎಂದು ಬರೆದರೆ ಹತ್ತು ಮನೆಯಲ್ಲಿ ಹತ್ತು ಹದ ಆಗುತ್ತದೆ. ಐಡಿಡಿಎಸ್‌ಐ ಎಂಬ ಅಂತಾರಾಷ್ಟ್ರೀಯ ಅಳತೆಯಲ್ಲಿ 0ರಿಂದ 7ರವರೆಗೆ ಮಟ್ಟಗಳಿವೆ. ಅಳೆಯಲು 10 ಮಿಲಿ ಸಿರಿಂಜ್ ಸಾಕು. ಪಿಸ್ಟನ್ ತೆಗೆದು, ತುದಿಗೆ ಬೆರಳಿಟ್ಟು, 10 ಮಿಲಿ ತುಂಬಿ, ಬೆರಳು ಬಿಟ್ಟು 10 ಸೆಕೆಂಡು ಎಣಿಸಿ ಮತ್ತೆ ಮುಚ್ಚಿ. 1 ಮಿಲಿಗಿಂತ ಕಡಿಮೆ ಉಳಿದರೆ ತೆಳು, ಮಟ್ಟ 0. 1ರಿಂದ 4 ಉಳಿದರೆ ಮಟ್ಟ 1, 4ರಿಂದ 8 ಆದರೆ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದೂ ಸ್ವಲ್ಪ ಹರಿದಿದ್ದರೆ ಮಟ್ಟ 3. ಹರಿಯಲೇ ಇಲ್ಲವೆಂದರೆ 4, ಅದನ್ನು ಚಮಚ ವಾಲಿಸಿ ನೋಡಬೇಕು. ಒಂದು ಎಚ್ಚರ: ಸಿರಿಂಜಿನಲ್ಲಿ ಸೊನ್ನೆಯಿಂದ 10ರ ಗೆರೆಯವರೆಗಿನ ಉದ್ದ 61.5 ಮಿಲಿಮೀಟರ್ ಇರಬೇಕು. ಎಲ್ಲ ಕಂಪನಿಯ ಸಿರಿಂಜೂ ಹಾಗಿರುವುದಿಲ್ಲ, ಸ್ಕೇಲ್ ಇಟ್ಟು ನೋಡಿಕೊಳ್ಳಿ.

ರಾಗಿ ಗಂಜಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಅದರ ಸ್ವಭಾವ ತಿಳಿದಿದ್ದರೆ. ಆರಿದಂತೆ ದಪ್ಪವಾಗುತ್ತದೆ, ಹಾಗಾಗಿ ಕುಡಿಸುವ ಬಿಸಿಯಲ್ಲೇ ಅಳೆಯಬೇಕು. ಗಂಟಿರಬಾರದು, ಬಟ್ಟೆಯಲ್ಲೋ ಸಣ್ಣ ಜರಡಿಯಲ್ಲೋ ಸೋಸಬೇಕು. ಬಾಯಿಗಿಟ್ಟ ಚಮಚವನ್ನೇ ಬಟ್ಟಲಿಗೆ ಅದ್ದುತ್ತಾ ಹೋದರೆ ಉಗುಳಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು, ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಉಳಿದದ್ದು ನೀರಾಗಿರುತ್ತದೆ. ಬಟ್ಟಲಿಗೊಂದು ಚಮಚ, ಬಾಯಿಗೊಂದು ಚಮಚ ಇರಲಿ. ದ್ರವ ದಪ್ಪ ಮಾಡುವ ಅಂಗಡಿಯ ಪುಡಿಗಳಲ್ಲಿ ಜಾಂಥನ್ ಗಮ್ ಇರುವುದು ಉಗುಳಿಗೆ ಕರಗುವುದಿಲ್ಲ. ಪಿಷ್ಟದ ಪುಡಿ ಹಾಕಿದ ದ್ರವಕ್ಕೆ ಮಲಬದ್ಧತೆಯ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬೆರೆಸಿದರೂ ಅದು ತೆಳುವಾಗುತ್ತದೆ. ದಪ್ಪ ಮಾಡಿದಷ್ಟೂ ಕ್ಷೇಮ ಎಂದೂ ಅಲ್ಲ. ಗಂಟಲಿನ ಬಲ ಕಡಿಮೆ ಇದ್ದವರಲ್ಲಿ ದಪ್ಪನೆಯದು ಹಿಂದೆಯೇ ಉಳಿದು, ಆಮೇಲೆ ಉಸಿರಿನೊಂದಿಗೆ ಜಾರುತ್ತದೆ. ರುಚಿ ಹಿಡಿಸದೆ ಕುಡಿಯುವುದೇ ಕಡಿಮೆಯಾಗಿ ನಿರ್ಜಲೀಕರಣವೂ ಆಗುತ್ತದೆ.

ನಮ್ಮ ಊಟದಲ್ಲಿ ಮೋಸ ಮಾಡುವುದು ಅನ್ನ ಸಾರು. ಮೆತ್ತಗಿದೆಯಲ್ಲ ಎಂದು ಎಲ್ಲರೂ ಮೊದಲು ಕೊಡುವುದು ಅದನ್ನೇ. ಅಗುಳನ್ನು ಬಾಯಿ ಇನ್ನೂ ಅಗಿಯುತ್ತಿರುವಾಗ ತೆಳು ಸಾರು ಮುಂದೆ ಓಡಿ ಗಂಟಲು ಸೇರಿರುತ್ತದೆ, ಆಗ ಶ್ವಾಸನಾಳದ ಬಾಗಿಲು ತೆರೆದೇ ಇರುತ್ತದೆ. ಸಾಂಬಾರಿನಲ್ಲಿ ಮುಳುಗಿದ ಇಡ್ಲಿ, ಹಾಲಿನಲ್ಲಿ ನೆನೆದ ರೊಟ್ಟಿಯೂ ಇದೇ ಬಗೆ. ಮೊಸರಲ್ಲಿ ನುಣ್ಣಗೆ ಕಿವುಚಿದ, ನೀರು ಬಿಡದ ಅನ್ನ ಅದಕ್ಕಿಂತ ವಾಸಿ. ಮುದ್ದೆಯನ್ನು ಅಗಿಯದೆ ನುಂಗುವುದು ಚಿತ್ರದುರ್ಗದ ಕಡೆಯವರಿಗೆ ಹುಟ್ಟಿನಿಂದ ಬಂದ ಅಭ್ಯಾಸ, ಆದರೆ ಅಂಟುವ ಆ ತುತ್ತನ್ನು ಕೆಳಗಿಳಿಸಲು ಗಂಟಲಿಗೆ ಪೂರ್ತಿ ಬಲ ಬೇಕು. ಸಿಕ್ಕಿಕೊಂಡರೆ ಕೆಮ್ಮಿ ತೆಗೆಯುವುದೂ ಕಷ್ಟ. ಉಪ್ಪಿಟ್ಟು ಕಾಳುಕಾಳಾಗಿ ಚೆಲ್ಲುತ್ತದೆ. ಮಂಡಕ್ಕಿ, ಮಿರ್ಚಿ, ಬೆಣ್ಣೆ ದೋಸೆಯ ಗರಿ ಅಂಚು, ಇವೆಲ್ಲ ಕೊನೆಗೆ. ದೋಸೆ ಕೇಳುವ ದಾವಣಗೆರೆಯವರಿಗೆ ಬೇಡ ಎನ್ನುವುದು ಕಷ್ಟವೇ. "ಇನ್ನೊಂದು ವಾರ ತಡೀರಿ ಅಜ್ಜಾರೇ, ನುಂಗೋದು ಸರಿಯಾಗಲಿ" ಎಂದು ಕಾರಣ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಮಾತ್ರೆಗಳನ್ನು ಪುಡಿ ಮಾಡಿ ಕೊಡುವ ಮೊದಲು ಹೆಸರು ನೋಡಿ. ಪ್ಯಾಂಟೊಪ್ರಜೋಲ್‌ನಂಥ ಕೋಟಿಂಗ್ ಇರುವವು, ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದಿರುವ, ಅಂದರೆ ಔಷಧ ನಿಧಾನಕ್ಕೆ ಬಿಡುವವು ಕುಟ್ಟುವಂಥವಲ್ಲ.

ಹೊರಗೆ ಕೂತವರಿಗೆ ಹೇಳುವುದು

ದುಗ್ಗಮ್ಮನ ಗುಡಿಯಿಂದಲೋ ನಾಯಕನಹಟ್ಟಿಯಿಂದಲೋ ತಂದ ತೀರ್ಥವನ್ನು ಒಂದು ಉದ್ಧರಣೆ ಬಾಯಿಗೆ ಬಿಡಬೇಕೆಂದು ಮನೆಯವರು ಬರುತ್ತಾರೆ. ಅದು ತೆಳು ದ್ರವ, ಅದೂ ಮಲಗಿದ ಬಾಯಿಗೆ ಮೇಲಿನಿಂದ ಬಿಡುವಂಥದ್ದು. ಗದರಬೇಡಿ. ಹತ್ತಿಯಲ್ಲಿ ಅದ್ದಿ ತುಟಿಗೆ ಸವರಿ, ಹಣೆಗೆ ಹಚ್ಚಿ ಎಂದರೆ ಅವರ ಮನಸ್ಸಿಗೂ ಸಮಾಧಾನ, ರೋಗಿಗೂ ಕ್ಷೇಮ. "ನೀರು ಕೊಡಬ್ಯಾಡ್ರಿ" ಎಂದಷ್ಟೇ ಹೇಳಿದರೆ ಎಳನೀರು ಬರುತ್ತದೆ, ಕಾಫಿ ಬರುತ್ತದೆ. ನೀರು ಬೇಡ ಎಂದದ್ದಷ್ಟೇ ಎಂದು ಅವರು ತಿಳಿದಿರುತ್ತಾರೆ. "ಬಾಯಿಂದ ಏನೂ ಬ್ಯಾಡ, ಎಳನೀರೂ ಬ್ಯಾಡ. ಹೊಟ್ಟೆಗೆ ಹೋಗೋದು ಎದೆಗೆ ಹೋಗುತ್ತೆ" ಎಂದು ಬಿಡಿಸಿ ಹೇಳಬೇಕು. ವಾರ್ಡಿಗೆ ಕಳಿಸುವಾಗ ಜೊತೆಗಿರುವ ಒಬ್ಬರಿಗೆ ಕೂರಿಸುವ ರೀತಿ, ಚಮಚದ ಅಳತೆ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು ಎಂಬುದು, ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು ಎಂಬುದು, ಇಷ್ಟನ್ನು ಕೈಯಲ್ಲಿ ಮಾಡಿಸಿ ತೋರಿಸಿ.

ಚಾರ್ಟಿಗೆ ಸೇರಿಸಬೇಕಾದದ್ದು ಒಂದೇ ಸಾಲು. ಟ್ಯೂಬ್ ಎಷ್ಟು ದಿನ ಇತ್ತು, ಎಷ್ಟರ ಅಳತೆ, ತೆಗೆದ ಗಂಟೆ, ನುಂಗುವ ಪರೀಕ್ಷೆ ಮಾಡಿದ ಗಂಟೆ, ಪಾಸೋ ಫೇಲೋ, ಮುಂದಿನ ಪರೀಕ್ಷೆ ಯಾವಾಗ, ಮಾಡಿದವರ ಸಹಿ. ಹಾಸಿಗೆಯ ತಲೆಗೆ ದೊಡ್ಡ ಕನ್ನಡ ಅಕ್ಷರದಲ್ಲಿ "ನುಂಗುವ ಪರೀಕ್ಷೆ ಆಗಿಲ್ಲ" ಎಂಬ ಒಂದು ಕಾರ್ಡ್. ಪರೀಕ್ಷೆ ಮಾಡಿ ಪಾಸಾದ ಮೇಲೆ, ಮಾಡಿದವರೇ ಅದನ್ನು ತೆಗೆಯಬೇಕು.